ದೋಷವೋ, ತಪ್ಪೋ? – ದುರಂತ ನಾಯಕನ ಪತನವನ್ನು ಕುರಿತು

ದೊಡ್ಡವರೆನಿಸಿಕೊಂಡವರು ಬಿದ್ದಾಗ ನಾವು ಮೊತ್ತಮೊದಲು ಕೇಳುವ ಪ್ರಶ್ನೆ ಒಂದೇ: ಅವರಲ್ಲಿದ್ದ ದೋಷ ಯಾವುದು? ಬದುಕಿನಲ್ಲಿ ಕೇಳುವ ಈ ಪ್ರಶ್ನೆಯನ್ನೇ ನಾವು ರಂಗಭೂಮಿಗೂ ಹೊತ್ತುಕೊಂಡು ಹೋಗುತ್ತೇವೆ. ಕಾಲೇಜಿನ ತರಗತಿಗಳಲ್ಲಿ ದುರಂತ ನಾಟಕಗಳನ್ನು ಓದಿದವರಿಗೆ ಆ ಪಟ್ಟಿ ಬಾಯಿಪಾಠವಾಗಿರುತ್ತದೆ. ಒಥೆಲೊನಿಗೆ ಸಂಶಯ, ಮ್ಯಾಕ್‌ಬೆತ್‌ನಿಗೆ ಅಧಿಕಾರದಾಹ, ಹ್ಯಾಮ್ಲೆಟ್‌ನಿಗೆ ವಿಳಂಬ, ಲಿಯರ್ ದೊರೆಗೆ ಹೊಗಳಿಕೆಯ ಹಂಬಲ; ನಮ್ಮ ಕಡೆಗೆ ಬಂದರೆ ದುರ್ಯೋಧನನಿಗೆ ಛಲ, ರಾವಣನಿಗೆ ಪರಸ್ತ್ರೀವ್ಯಾಮೋಹ. ಔಷಧದ ಸೀಸೆಗೆ ಚೀಟಿ ಅಂಟಿಸಿದಂತೆ ಒಬ್ಬೊಬ್ಬ ನಾಯಕನಿಗೂ ಒಂದೊಂದು ದೋಷದ ಚೀಟಿ. ಚೀಟಿ ಅಂಟಿಸಿಯಾದ ಮೇಲೆ ನಾಟಕದ ಕೆಲಸ ಮುಗಿಯಿತು. ಪರೀಕ್ಷೆಯಲ್ಲಿ ಅಂಕವೂ ಬಂತು.

ಈ ಬಗೆಯ ಓದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಓದುಗರೊಡನೆ ಕೂಡಿ ಯೋಚಿಸಬೇಕೆಂಬುದು ಈ ಬರಹದ ಉದ್ದೇಶ. ಅದಕ್ಕಾಗಿ ಅಥೆನ್ಸಿಗೋ ಲಂಡನ್ನಿಗೋ ಹೋಗಿ ನಿಲ್ಲಬೇಕಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮಲೆನಾಡಿನ ಮೂರು ತಾಲ್ಲೂಕುಗಳ ನೆಲದಲ್ಲಿ, ಅಲ್ಲಿನ ಇತಿಹಾಸ, ಐತಿಹ್ಯ, ನಾಟಕ, ಬಯಲಾಟಗಳಲ್ಲಿ ಈ ವಿಚಾರಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿ ದೊರೆಯುತ್ತದೆ.

ಮೊದಲು ಮಾತಿನ ಮೂಲವನ್ನು ನೋಡೋಣ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲ್ ತನ್ನ ‘ಪೊಯೆಟಿಕ್ಸ್’ ಗ್ರಂಥದ 13ನೆಯ ಅಧ್ಯಾಯದಲ್ಲಿ ದುರಂತ ನಾಯಕ ಎಂಥವನಿರಬೇಕೆಂದು ವಿಚಾರಿಸುತ್ತಾನೆ. ಸರ್ವಗುಣಸಂಪನ್ನನಾದವನು ಬಿದ್ದರೆ ನಮಗೆ ಜಿಗುಪ್ಸೆಯಾಗುತ್ತದೆ. ದುಷ್ಟನು ಬಿದ್ದರೆ ಸಮಾಧಾನವಾಗುತ್ತದೆ. ಈ ಎರಡರಲ್ಲಿಯೂ ಕರುಣೆ, ಭಯಗಳು ಹುಟ್ಟುವುದಿಲ್ಲ. ಆದುದರಿಂದ ನಾಯಕನು ಇವರಿಬ್ಬರ ನಡುವಿನವನಾಗಿರಬೇಕು, ತನ್ನ ಕೆಟ್ಟತನದಿಂದ ಬೀಳದೆ ಒಂದು ‘ಹಮಾರ್ತಿಯಾ’ದಿಂದ ಬೀಳಬೇಕು ಎಂದು ಅವನ ಅಭಿಪ್ರಾಯ. ಈ ಗ್ರೀಕ್ ಪದವೇ ಮುಂದೆ ‘ದುರಂತ ದೋಷ’ವಾಗಿ ನಮ್ಮ ಪಠ್ಯಗಳಿಗೆ ಬಂದದ್ದು. ಆದರೆ ಮೂಲದಲ್ಲಿ ಅದು ಬಿಲ್ಗಾರರ ಮಾತು. ಬಿಟ್ಟ ಬಾಣ, ಎಸೆದ ಈಟಿ ಗುರಿಯನ್ನು ಮುಟ್ಟದೆ ಹೋಗುವುದಕ್ಕೆ ಗ್ರೀಕರು ಬಳಸುತ್ತಿದ್ದ ಕ್ರಿಯಾಪದದಿಂದ ಅದು ಹುಟ್ಟಿದೆ. ಬಿಲ್ಗಾರನ ಸ್ವಭಾವದಲ್ಲಿ ಹುಳುಕಿದೆಯೆಂದು ಆ ಪದ ಹೇಳುವುದಿಲ್ಲ. ಬಾಣ ಎತ್ತಲೋ ಹೋಯಿತೆಂದು ಮಾತ್ರ ಹೇಳುತ್ತದೆ.

ಅದು ಸ್ವಭಾವದ ಕೊರತೆ ಎಂಬ ಅರ್ಥ ಬಲಿತದ್ದು ಬಹಳ ಈಚೆಗೆ. 1904ರಲ್ಲಿ ಪ್ರಕಟವಾದ ಎ.ಸಿ. ಬ್ರಾಡ್ಲಿಯವರ ಷೇಕ್ಸ್‌ಪಿಯರ್ ಉಪನ್ಯಾಸಗಳು ಪಾತ್ರದ ಸ್ವಭಾವವನ್ನೇ ನಾಟಕದ ತಿರುಳೆಂದು ಎತ್ತಿ ತೋರಿಸಿದವು. ನಾಯಕನನ್ನು ಕೆಡಿಸುವ ಗುಣವೇ ಅವನ ಹಿರಿಮೆಯೂ ಆಗಿರುತ್ತದೆಂಬ ಸೂಕ್ಷ್ಮವನ್ನು ಬ್ರಾಡ್ಲಿ ಮರೆತಿರಲಿಲ್ಲ. ಅವರನ್ನು ಸಂಕ್ಷೇಪಿಸಿದ ಗೈಡುಗಳು ಮಾತ್ರ ಹಿರಿಮೆಯನ್ನು ಬಿಟ್ಟು ಕೊರತೆಯನ್ನು ಉಳಿಸಿಕೊಂಡವು.

ವಿಸ್ಮಯದ ಸಂಗತಿಯೆಂದರೆ, ಗ್ರೀಕ್ ಪದದ ಈ ಎರಡು ಬಗೆಯ ಅರ್ಥವನ್ನೂ ತನ್ನೊಳಗೆ ಇಟ್ಟುಕೊಂಡ ಮಾತು ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಅದು ‘ತಪ್ಪು’. ನಾವು ದಾರಿ ತಪ್ಪುತ್ತೇವೆ, ಲೆಕ್ಕ ತಪ್ಪುತ್ತೇವೆ, ಮಾತಿಗೆ ತಪ್ಪುತ್ತೇವೆ, ತಾಳ ತಪ್ಪುತ್ತೇವೆ, ಗುರಿ ತಪ್ಪುತ್ತೇವೆ. ಆಮೇಲೆ ‘ತಪ್ಪಾಯಿತು’ ಎನ್ನುತ್ತೇವೆ. ಒಂದೇ ಮಾತು ಕ್ರಿಯೆಯೂ ಹೌದು, ಅಪರಾಧವೂ ಹೌದು. ಇದಕ್ಕೆ ಪ್ರತಿಯಾಗಿ ‘ದೋಷ’ ಎಂಬ ಮಾತನ್ನು ನಾವು ಎಲ್ಲೆಲ್ಲಿ ಬಳಸುತ್ತೇವೆಂದು ನೆನೆಸಿಕೊಳ್ಳಿ: ಗ್ರಹದೋಷ, ವಾಸ್ತುದೋಷ, ಜಾತಕದೋಷ, ದೃಷ್ಟಿದೋಷ. ದೋಷ ಒಂದೆಡೆ ನೆಲೆಯಾಗಿ ಕುಳಿತಿರುತ್ತದೆ. ವ್ಯಕ್ತಿಯಲ್ಲಿ, ಮನೆಯಲ್ಲಿ, ಹುಟ್ಟಿದ ಗಳಿಗೆಯಲ್ಲಿ. ತಪ್ಪು ಹಾಗಲ್ಲ. ಅದು ನಡೆಯುತ್ತದೆ, ಒಂದು ದಿನ, ಒಂದು ಕ್ಷಣ, ಒಂದು ಕೈಯಿಂದ ನಡೆಯುತ್ತದೆ. ‘ಹಮಾರ್ತಿಯಾ’ವನ್ನು ದೋಷವೆಂದು ಕನ್ನಡಿಸುವುದಕ್ಕೂ ತಪ್ಪೆಂದು ಕನ್ನಡಿಸುವುದಕ್ಕೂ ಅಜಗಜಾಂತರವಿದೆ.

ಶರಾವತಿಯ ದಂಡೆಯ ಜನರಿಗೆ ಬಾಣದ ಮಾತು ಹೊಸದೇನೂ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಆ ನದಿ ಹುಟ್ಟುತ್ತದೆ. ಸೀತೆಯ ಬಾಯಾರಿಕೆಯನ್ನು ಹಿಂಗಿಸಲು ರಾಮನು ನೆಲಕ್ಕೆ ಬಾಣ ಹೂಡಿದನೆಂದೂ ಅಲ್ಲಿಂದ ಚಿಮ್ಮಿದ ನೀರೇ ಶರಾವತಿಯೆಂದೂ ಐತಿಹ್ಯ. ಅಲ್ಲಿಂದ ಹೊರಟ ಹೊಳೆ ಹೊಸನಗರ, ಸಾಗರದ ಸೀಮೆಗಳನ್ನು ಹಾಯ್ದು ಜೋಗದಲ್ಲಿ ಧುಮುಕುತ್ತದೆ. ಅದೇ ತಾಲ್ಲೂಕಿನಲ್ಲಿ ಮೃಗವಧೆ ಎಂಬ ಇನ್ನೊಂದು ಊರಿದೆ. ಮಾಯಾಮೃಗವಾಗಿ ಬಂದ ಮಾರೀಚನನ್ನು ರಾಮನು ಕೊಂದದ್ದು ಅಲ್ಲಿಯೇ ಎಂದು ಊರವರ ನಂಬಿಕೆ. ಎರಡು ಬಾಣಗಳ ಎರಡು ಕಥೆಗಳಲ್ಲಿ ಎರಡನೆಯದು ನಮ್ಮ ವಿಚಾರಕ್ಕೆ ಬಹಳ ಹತ್ತಿರದ್ದು. ಮೃಗವಧೆಯ ಬಾಣ ಗುರಿ ತಪ್ಪಲಿಲ್ಲ. ಜಿಂಕೆಗೆ ಸರಿಯಾಗಿಯೇ ನಾಟಿತು. ಆದರೂ ರಾಮಾಯಣದ ಅತಿ ದೊಡ್ಡ ತಪ್ಪು ನಡೆದದ್ದು ಆಗಲೇ. ಸಾಯುವ ಮೃಗ ರಾಮನ ದನಿಯಲ್ಲಿ ಕೂಗಿತು, ಲಕ್ಷ್ಮಣ ಹೊರಟ, ಸೀತೆ ಒಬ್ಬಳೇ ಉಳಿದಳು. ಇಲ್ಲಿ ದೋಷವನ್ನು ಯಾರ ತಲೆಗೆ ಕಟ್ಟುವಿರಿ? ಮಡದಿಯ ಆಸೆಯನ್ನು ಈಡೇರಿಸಹೊರಟವನಿಗೋ, ಚೆಂದದ ಪ್ರಾಣಿಯನ್ನು ಕಂಡು ಬೇಕೆಂದವಳಿಗೋ, ಅತ್ತಿಗೆಯ ಮಾತಿನಿಂದ ನೊಂದು ಹೊರಟವನಿಗೋ? ಒಬ್ಬರಲ್ಲಿಯೂ ದುಷ್ಟತನವಿಲ್ಲ, ಆದರೂ ಆಗಬಾರದ್ದು ಆಗಿಹೋಯಿತು. ಅರಿಸ್ಟಾಟಲ್ ಹೇಳುವ ಹಮಾರ್ತಿಯಾ ಇಂಥದು.

ದುರ್ಯೋಧನನ ಛಲಕ್ಕೆ ಬರೋಣ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪ, ಕಾವ್ಯದ ಕೊನೆಯಲ್ಲಿ ಭಾರತದ ಹಿರಿಯರನ್ನು ಅವರವರ ಗುಣಗಳಿಂದ ಸ್ಮರಿಸುವಾಗ ದುರ್ಯೋಧನನನ್ನು ಛಲಕ್ಕೂ ಕರ್ಣನನ್ನು ಸತ್ಯಕ್ಕೂ ಮಾದರಿಯಾಗಿ ಹೆಸರಿಸುತ್ತಾನೆ. ಗೈಡುಗಳು ದೋಷವೆಂದು ಬರೆಯುವುದನ್ನು ನಮ್ಮ ಆದಿಕವಿ ಗುಣಗಳ ಪಟ್ಟಿಯಲ್ಲಿಟ್ಟಿದ್ದಾನೆ. ರನ್ನನ ‘ಗದಾಯುದ್ಧ’ದಲ್ಲಿ ಅದೇ ಛಲವಂತ ರಣರಂಗದ ಹೆಣಗಳ ನಡುವೆ ತನ್ನವರನ್ನು ಗುರುತಿಸುತ್ತ ನಡೆಯುವಾಗ ಓದುಗನ ಕಣ್ಣು ತೇವವಾಗುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ದುರಂತ ನಾಟಕದ ಕಣ್ಣಿನಿಂದ ನಮ್ಮ ಕಾವ್ಯಗಳನ್ನು ನೋಡಹೊರಟಾಗ ಮೊದಲು ಕೈಗೆತ್ತಿಕೊಂಡದ್ದು ಈ ರನ್ನನನ್ನೇ. 1926ರಲ್ಲಿ ‘ಗದಾಯುದ್ಧ ನಾಟಕಂ’, ಬಳಿಕ 1929ರಲ್ಲಿ ಸೊಫೊಕ್ಲಿಸನ ‘ಅಜಾಕ್ಸ್’ ನಾಟಕದ ಜಾಡಿನಲ್ಲಿ ‘ಅಶ್ವತ್ಥಾಮನ್’ ಹೊರಬಂದವು. ಇಂಥ ನಾಟಕಗಳಿಗೆ ‘ರುದ್ರನಾಟಕ’ ಎಂಬ ಹೆಸರನ್ನು ಕನ್ನಡದಲ್ಲಿ ನೆಲೆಗೊಳಿಸಿದವರೂ ಅವರೇ. ಕೌರವನ ಕಡೆಯವರನ್ನು ನಾಯಕರನ್ನಾಗಿ ಕಾಣಲು ಅವರಿಗೆ ಸಾಧ್ಯವಾದದ್ದು ಪಂಪ ರನ್ನರು ಈ ದಾರಿಯನ್ನು ಮೊದಲೇ ಸವೆಸಿದ್ದರಿಂದ.

ಈಗ ಬಿದನೂರಿನ ಕಥೆ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಆರಂಭವಾದ ನಾಯಕರ ಆಳ್ವಿಕೆ ಇಕ್ಕೇರಿಗೂ, ಹದಿನೇಳನೆಯ ಶತಮಾನದಲ್ಲಿ ಬಿದನೂರಿಗೂ ತನ್ನ ರಾಜಧಾನಿಯನ್ನು ಬದಲಿಸಿತು. ಹೊಸನಗರ ತಾಲ್ಲೂಕಿನ ಇಂದಿನ ನಗರವೇ ಆ ಬಿದನೂರು. ಶಿವಪ್ಪನಾಯಕನಂಥ ಆಡಳಿತಗಾರನನ್ನೂ, ಛತ್ರಪತಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿಯನ್ನೂ ಕಂಡ ಈ ಸಂಸ್ಥಾನ 1763ರಲ್ಲಿ ಹೈದರಾಲಿಯ ವಶವಾಯಿತು. ಕೊನೆಯ ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿಯ ದುರ್ಗದಲ್ಲಿರಬೇಕಾಯಿತು. ಆಕೆಯ ಕಾಲದ ಅರಮನೆಯ ಒಳಜಗಳ, ದತ್ತುಪುತ್ರನ ಕೊಲೆಯ ಆಪಾದನೆ, ಆಕೆಯ ನಡತೆ ಇವುಗಳ ಸುತ್ತ ಅನೇಕ ಕಥನಗಳು ಬೆಳೆದಿವೆ. ರಾಜ್ಯ ಹೋದದ್ದು ಹೆಂಗಸೊಬ್ಬಳ ನಡತೆಗೆಟ್ಟುದರಿಂದ ಎಂಬ ಮಾತು ಅವುಗಳಲ್ಲಿ ಅಡಗಿದೆ. ಹೈದರನು ಅಂದಿನ ದಕ್ಷಿಣದಲ್ಲಿ ಏರುತ್ತಿದ್ದ ಶಕ್ತಿ. ಬಿದನೂರು ಸಿರಿವಂತ ಸಂಸ್ಥಾನ. ಅವನ ಮುಂದಿನ ಏಳಿಗೆಗೆ ಈ ಸಂಪತ್ತೇ ದೊಡ್ಡ ಆಧಾರವಾಯಿತು. ಇಷ್ಟೆಲ್ಲ ಕಾರಣಗಳು ಎದುರಿಗಿದ್ದರೂ ಒಬ್ಬಳ ದೋಷವನ್ನು ಹಿಡಿದುಕೊಂಡರೆ ಸಾಕೆನಿಸುವುದು ಏಕೆ? ಹಾಗೆ ಮಾಡಿದರೆ ಉಳಿದವರೆಲ್ಲರೂ ನಿರಾಳ. ದೋಷವನ್ನು ಹುಡುಕುವವರಿಗೆ ದೊರೆಯುವ ಸುಖ ಇದೇ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿ ಕುವೆಂಪು 1932ರಲ್ಲಿ ‘ರಕ್ತಾಕ್ಷಿ’ಯನ್ನು ಪ್ರಕಟಿಸಿದಾಗ ಆರಿಸಿಕೊಂಡದ್ದು ಈ ಬಿದನೂರಿನ ಅರಮನೆಯನ್ನೇ. ‘ಹ್ಯಾಮ್ಲೆಟ್’ ನಾಟಕದ ನೆರಳು ಅದರ ಮೇಲಿದೆ. ಡೆನ್ಮಾರ್ಕಿನ ರಾಜಕುಮಾರನ ಸ್ಥಾನದಲ್ಲಿ ಬಸವಯ್ಯನಿದ್ದಾನೆ. ಕ್ಲಾಡಿಯಸನ ಸ್ಥಾನದಲ್ಲಿ ನಿಂಬಯ್ಯನಿದ್ದಾನೆ. ಒಫೀಲಿಯಳ ಸ್ಥಾನದಲ್ಲಿ ರುದ್ರಾಂಬೆಯಿದ್ದಾಳೆ. ಆದರೆ ಅದು ಭಾಷಾಂತರವಲ್ಲ. ಕುವೆಂಪು ಮಾಡಿದ ಬದಲಾವಣೆಯ ಬೆಲೆ ಅರಿವಾಗಬೇಕಾದರೆ ಮೂಲವನ್ನು ಇನ್ನೊಮ್ಮೆ ನೋಡಬೇಕು.

ಹ್ಯಾಮ್ಲೆಟನ ದೋಷ ವಿಳಂಬವೆಂದು ಎಲ್ಲರೂ ಹೇಳುತ್ತಾರೆ. ಆದರೆ ಅವನ ಕೈಯಲ್ಲಿದ್ದ ಸಾಕ್ಷ್ಯವಾದರೂ ಏನು? ಕತ್ತಲಲ್ಲಿ ಕಂಡ ಒಂದು ಪ್ರೇತದ ಮಾತು. ಅಷ್ಟನ್ನೇ ನಂಬಿ ಚಿಕ್ಕಪ್ಪನ ಕೊರಳು ಕತ್ತರಿಸದೆ, ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಹೊರಟವನು ವಿವೇಕಿಯಲ್ಲವೆ? ಅವನು ತಡಮಾಡಿದ ವೇಳೆಯಲ್ಲಿ ಯಾರ ರಕ್ತವೂ ಹರಿಯಲಿಲ್ಲ. ಅನಾಹುತವಾದದ್ದು ಅವನು ತಡಮಾಡದೆ ಇದ್ದ ಒಂದು ಗಳಿಗೆಯಲ್ಲಿ. ತಾಯಿಯ ಕೋಣೆಯ ಪರದೆಯ ಹಿಂದೆ ಯಾರೋ ಅಲುಗಿದರು. ದೊರೆಯೇ ಇರಬೇಕೆಂದು ಕತ್ತಿ ಬೀಸಿದನು. ಬಿದ್ದವನು ಮುದುಕ ಪೊಲೋನಿಯಸ್. ಅಕ್ಷರಶಃ ಗುರಿ ತಪ್ಪಿದ ಏಟು ಇದು. ಹ್ಯಾಮ್ಲೆಟನ ಹಮಾರ್ತಿಯಾವನ್ನು ಅವನ ಸ್ವಭಾವದಲ್ಲಿ ತಡಕಾಡಬೇಕಾಗಿಲ್ಲ. ಆ ಪರದೆಯ ಹರಕಿನಲ್ಲಿ ಅದು ಕಾಣುತ್ತದೆ.

ಗುರಿ ತಪ್ಪಿದ ಏಟು ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಅದು ಎಲ್ಲೋ ಬಿದ್ದೇ ಬೀಳುತ್ತದೆ, ಯಾರಿಗೋ ತಗಲಿಯೇ ತಗಲುತ್ತದೆ. ಪೊಲೋನಿಯಸನಿಗೆ ಬಿದ್ದ ಏಟು ಅವನ ಮಗಳು ಒಫೀಲಿಯಳಿಗೂ ಬಿತ್ತು. ಆಕೆ ಹುಚ್ಚಿಯಾಗಿ ಹೊಳೆಯ ಪಾಲಾದಳು. ಮೂಲ ನಾಟಕದಲ್ಲಿ ಆಕೆಯ ಸಾವಿನ ವರ್ತಮಾನವನ್ನು ರಾಣಿ ಬಂದು ಹೇಳುತ್ತಾಳೆ; ಶವಸಂಸ್ಕಾರವಾಗುತ್ತದೆ; ಬಳಿಕ ನಾಟಕ ಗಂಡಸರ ಕತ್ತಿವರಸೆಗೆ ತಿರುಗುತ್ತದೆ. ಕುವೆಂಪು ಇಲ್ಲಿಯೇ ನಿಂತು ತಿರುಗಿ ನೋಡಿದರು. ಅವರ ರುದ್ರಾಂಬೆ ಸದ್ದಿಲ್ಲದೆ ನೀರಿನಲ್ಲಿ ಮುಳುಗಿಹೋಗುವ ಹುಡುಗಿಯಲ್ಲ. ನೋವು ಆಕೆಯನ್ನು ಕೆಂಡದ ಕಣ್ಣಿನವಳನ್ನಾಗಿ ಮಾಡುತ್ತದೆ. ಸೇಡಿನ ಬೆಂಕಿಯನ್ನು ಆಕೆ ತಾನೇ ಹೊರುತ್ತಾಳೆ. ನಾಟಕದ ಹೆಸರು ಬಸವಯ್ಯನದಲ್ಲ; ಆಕೆಯದು. ಒಥೆಲೊ, ಮ್ಯಾಕ್‌ಬೆತ್, ಲಿಯರ್, ಹ್ಯಾಮ್ಲೆಟ್ ಎಂದು ಬಾಣ ಬಿಟ್ಟವರ ಹೆಸರನ್ನೇ ಹೊತ್ತ ಪರಂಪರೆಯಿಂದ ಕಥೆಯನ್ನು ಪಡೆದ ಕವಿ, ಬಾಣ ತಗಲಿದವಳ ಹೆಸರಿನಿಂದ ತನ್ನ ನಾಟಕವನ್ನು ಕರೆದನು. ರಕ್ತಾಕ್ಷಿಯಾದದ್ದರಿಂದ ಆಕೆಗೆ ನೆಮ್ಮದಿ ದೊರೆಯಿತೆಂದಾಗಲಿ, ಸೇಡು ಒಳ್ಳೆಯದೆಂದಾಗಲಿ ಈ ಮಾತಿನ ಅರ್ಥವಲ್ಲ. ನೊಂದವಳ ನೋವನ್ನು ಕೇಳುವವರಿಲ್ಲದ ಅರಮನೆಯಲ್ಲಿ ಆ ನೋವು ಮುಂದಿನ ಬಾಣವಾಗುತ್ತದೆ ಎಂಬ ಕಹಿಸತ್ಯ ಅಲ್ಲಿದೆ.

ಹದಿನೈದು ವರ್ಷಗಳ ಬಳಿಕ, 1947ರಲ್ಲಿ, ಕುವೆಂಪು ಮತ್ತೆ ಬಿಲ್ಗಾರರ ಕಥೆಗೇ ಬಂದರು. ‘ಬೆರಳ್‌ಗೆ ಕೊರಳ್’ ಏಕಲವ್ಯನ ಕಥೆಯೆಂದು ಹೆಸರಾಗಿದೆ. ಆದರೆ ಅದರ ದುರಂತ ನಾಯಕ ದ್ರೋಣನೆಂದು ನನ್ನ ಭಾವನೆ. ಈ ದ್ರೋಣ ಯಾರು? ಗುರಿಯಿಡುವುದನ್ನು ಕಲಿಸುವುದೇ ಕಸುಬಾದವನು. ಮರದ ಮೇಲಿನ ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣಬಾರದೆಂದು ಅರ್ಜುನನಿಗೆ ಬೋಧಿಸಿದವನು. ಹಕ್ಕಿಯ ಕಣ್ಣನ್ನು ಮಾತ್ರ ನೋಡುವ ಆ ಏಕಾಗ್ರತೆ ಅವನ ವಿದ್ಯೆಯ ಹಿರಿಮೆ. ಅರ್ಜುನನನ್ನು ಅಪ್ರತಿಮ ಬಿಲ್ಗಾರನನ್ನಾಗಿ ಮಾಡುತ್ತೇನೆಂದು ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂಬುದು ಅವನ ಸತ್ಯಸಂಧತೆ. ಬಡತನ, ದ್ರುಪದನಿಂದಾದ ಅವಮಾನ, ಮಗನ ಮೇಲಿನ ಮಮತೆ, ಅರಮನೆಯ ಅನ್ನದ ಹಂಗು ಇವೆಲ್ಲ ಅವನ ಬೆನ್ನಿಗಿವೆ. ಇಷ್ಟನ್ನೂ ಹೊತ್ತು ಕಾಡಿಗೆ ಬಂದವನು ತನ್ನ ಮಣ್ಣಿನ ಮೂರ್ತಿಯೆದುರು ಕಲಿತ ಹುಡುಗನನ್ನು ಕಂಡಾಗ ಅವನಿಗೆ ಹಕ್ಕಿಯ ಕಣ್ಣೊಂದೇ ಕಂಡಿತು. ಎದುರಿಗಿದ್ದ ಮನುಷ್ಯ ಕಾಣಲಿಲ್ಲ. ಗುರಿಯ ಗುರುವೇ ಗುರಿ ತಪ್ಪಿದನು. ಅವನನ್ನು ಬೀಳಿಸಿದ್ದು ಅವನ ದೊಡ್ಡ ಗುಣಗಳೇ.

ಕೊಯ್ದುಕೊಟ್ಟ ಹೆಬ್ಬೆರಳಿಗೆ ಪ್ರತಿಯಾಗಿ ಗುರುವಿನ ಕೊರಳೇ ಹೋಗುವ ಕಾಲ ಬರುತ್ತದೆಂಬ ಸೂಚನೆ ಆ ನಾಟಕದ ಹೆಸರಿನಲ್ಲಿಯೇ ಇದೆ. ಕುರುಕ್ಷೇತ್ರದಲ್ಲಿ ದ್ರೋಣನ ತಲೆ ಧೃಷ್ಟದ್ಯುಮ್ನನ ಖಡ್ಗಕ್ಕೆ ಉರುಳಿದ್ದನ್ನು ಓದುಗರು ಬಲ್ಲರು. ಇಲ್ಲಿಯೂ ಕುವೆಂಪು ಬಾಣ ಬಿದ್ದ ಎಡೆಯಲ್ಲಿ, ಬೇಡರ ಗುಡಿಸಲಿನ ಅಂಗಳದಲ್ಲಿ ನಮ್ಮನ್ನು ನಿಲ್ಲಿಸುತ್ತಾರೆ.

ಇಷ್ಟು ಹೇಳಿದ ಮೇಲೆ ಓದುಗರಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಯಾರಲ್ಲಿಯೂ ದೋಷವಿಲ್ಲ, ನಡೆದದ್ದು ಬರಿಯ ಗುರಿ ತಪ್ಪಿದ ಬಾಣ ಎಂದರೆ ಹೊಣೆ ಯಾರದು? ಎಲ್ಲರನ್ನೂ ಬಿಡುಗಡೆ ಮಾಡುವ ಸುಲಭದ ದಾರಿಯಲ್ಲವೆ ಇದು? ನಿಜ ಇದಕ್ಕೆ ತದ್ವಿರುದ್ಧವಾಗಿದೆ. ದೋಷವೇ ಮನುಷ್ಯನನ್ನು ಬಿಡುಗಡೆ ಮಾಡುವಂಥದು. ‘ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ’ ಎಂದವನು ಕೈತೊಳೆದುಕೊಳ್ಳುತ್ತಾನೆ. ‘ಅವನ ಸ್ವಭಾವವೇ ಹಾಗೆ’ ಎಂದವರೂ ಕೈತೊಳೆದುಕೊಳ್ಳುತ್ತಾರೆ. ತಪ್ಪು ಎಂಬ ಮಾತಿನಲ್ಲಿ ಈ ಅನುಕೂಲವಿಲ್ಲ. ಬಾಣ ನನ್ನ ಕೈಯಿಂದ ಹೋಯಿತು. ನಾನು ಬೇರೆ ಕಡೆ ಗುರಿಯಿಟ್ಟಿದ್ದೆ ಎಂಬುದು ನಿಜವಾದರೂ ಅದು ಹೋದದ್ದು ನನ್ನ ಕೈಯಿಂದಲೇ. ಸೊಫೊಕ್ಲಿಸನ ಈಡಿಪಸ್ ತಂದೆಯನ್ನು ಕೊಂದದ್ದು ತಿಳಿಯದೆ, ತಾಯಿಯನ್ನು ವರಿಸಿದ್ದು ತಿಳಿಯದೆ. ಆದರೂ ತಿಳಿದ ಮರುಕ್ಷಣ ಅವನು ಯಾರನ್ನೂ ದೂರದೆ ತನ್ನ ಕಣ್ಣುಗಳನ್ನು ತಾನೇ ಚುಚ್ಚಿಕೊಳ್ಳುತ್ತಾನೆ. ಮುಂದಿನ ‘ಕೊಲೋನಸಿನಲ್ಲಿ ಈಡಿಪಸ್’ ನಾಟಕದಲ್ಲಿ ಮುದಿಯಾದ ಅದೇ ಈಡಿಪಸ್ ತಾನು ಅರಿಯದೆ ಮಾಡಿದವನೆಂದು ಗಟ್ಟಿಯಾಗಿ ವಾದಿಸುತ್ತಾನೆ. ಹೊಣೆಯನ್ನು ಹೊರುವುದು, ದುಷ್ಟನೆಂಬ ಹೆಸರನ್ನು ಒಲ್ಲೆನೆನ್ನುವುದು, ಈ ಎರಡೂ ಒಬ್ಬನಲ್ಲಿಯೇ ಕೂಡಿರಲು ಸಾಧ್ಯ.

ತೀರ್ಥಹಳ್ಳಿಯ ತುಂಗೆಯ ದಂಡೆಯ ಐತಿಹ್ಯವೂ ಇದನ್ನೇ ಹೇಳುತ್ತದೆ. ತಂದೆಯ ಆಜ್ಞೆಯಂತೆ ತಾಯಿ ರೇಣುಕೆಯ ತಲೆ ಕಡಿದ ಪರಶುರಾಮನ ಕೊಡಲಿಯ ರಕ್ತದ ಕಲೆ ಎಲ್ಲಿಯೂ ಹೋಗದೆ ಕೊನೆಗೆ ಇಲ್ಲಿಯ ನೀರಿನಲ್ಲಿ ಹೋಯಿತಂತೆ. ಎಳ್ಳಮಾವಾಸ್ಯೆಯ ಜಾತ್ರೆಗೆ ಜನ ಇಂದಿಗೂ ಅಲ್ಲಿ ಮೀಯುತ್ತಾರೆ. ತಂದೆಯ ಮಾತು ನಡೆಸಿದ್ದು ದೋಷವೆ? ಗ್ರೀಕರ ಒರೆಸ್ಟಿಸ್ ಕೂಡ ತಂದೆಗಾಗಿ ತಾಯಿಯನ್ನು ಕೊಂದು, ಕೊನೆಗೆ ಅಥೆನ್ಸಿನ ನ್ಯಾಯಸಭೆಯ ಮುಂದೆ ನಿಂತನು. ಅಲ್ಲಿ ನ್ಯಾಯಸಭೆ, ಇಲ್ಲಿ ಹೊಳೆ. ‘ನಾನು ಆಜ್ಞೆ ಪಾಲಿಸಿದೆ ಅಷ್ಟೆ’ ಎಂದು ಇಬ್ಬರೂ ಮನೆಗೆ ಹೋಗಿ ಮಲಗಲಿಲ್ಲ. ಕಲೆ ಕೊಡಲಿಯಲ್ಲಿತ್ತು, ಅದನ್ನು ಹೊತ್ತು ತಿರುಗಿದವನು ಪರಶುರಾಮ.

ದೋಷವನ್ನು ಹುಡುಕದೆ ಬಿದ್ದವನ ಮಾತನ್ನು ಕೇಳುವ ಅಭ್ಯಾಸ ಈ ಸೀಮೆಯ ಪ್ರೇಕ್ಷಕರಿಗೆ ಹೊಸದಲ್ಲ. ಮಳೆಗಾಲದ ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಳುವವನು, ಬಯಲಾಟದಲ್ಲಿ ಗದಾಯುದ್ಧದ ಕೌರವನಾಗಿ ಬರುವವನು ಸೋಲಲಿರುವವನ ಪರವಾಗಿ ಗಂಟೆಗಟ್ಟಲೆ ಮಾತನಾಡುತ್ತಾನೆ. ಧರ್ಮ ಯಾವ ಪಕ್ಷದಲ್ಲಿದೆಯೆಂದು ಸಭೆಗೆ ಗೊತ್ತು. ಆದರೂ ಆ ಮಾತನ್ನು ಕೊನೆಯವರೆಗೂ ಕೇಳದೆ ಯಾರೂ ಏಳುವುದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಲೋಕದ ನಾಟಕಗಳನ್ನು ಅಡಿಕೆ ತೋಟಗಳ ನಡುವಿನ ಹಳ್ಳಿಗೆ ತಂದಿತು. 1985ರಿಂದ ‘ತಿರುಗಾಟ’ದ ಮೂಲಕ ನಾಡಿನ ಊರೂರಿಗೆ ಒಯ್ದಿತು. ಷೇಕ್ಸ್‌ಪಿಯರನ ನಾಯಕರು ಇಲ್ಲಿಯ ಜನಕ್ಕೆ ಪರಕೀಯರೆನಿಸಲಿಲ್ಲ. ಕೌರವನ ಅಳಲನ್ನು ಕೇಳಿ ಪಳಗಿದ ಕಿವಿ ಲಿಯರನ ಅಳಲನ್ನೂ ಕೇಳಬಲ್ಲದು.

ಕೊನೆಯದಾಗಿ ಒಂದು ಮಾತು, ಈ ಪತ್ರಿಕೆಯ ಓದುಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಅರಿಸ್ಟಾಟಲ್ ಬಳಸಿದ ‘ಹಮಾರ್ತಿಯಾ’ ಎಂಬ ಪದವನ್ನೇ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಶುಭಸಂದೇಶಕಾರರೂ ಸಂತ ಪೌಲರೂ ಬಳಸಿದ್ದಾರೆ. ನಮ್ಮ ಬೈಬಲಿನಲ್ಲಿ ಅದು ‘ಪಾಪ’ವಾಗಿದೆ. ನಾಲ್ಕು ಶತಮಾನಗಳ ಅಂತರದಲ್ಲಿ ಪದದ ಭಾರ ಬಹಳ ಹೆಚ್ಚಿತು. ದೇವರ ಎದುರಿನ ದ್ರೋಹವೆಂಬ ಅರ್ಥ ಅದಕ್ಕೆ ಕೂಡಿಕೊಂಡಿತು. ಎರಡೂ ಒಂದೇ ಎನ್ನುವುದು ಸಲ್ಲದು. ಆದರೆ ಹೀಬ್ರೂ ಭಾಷೆಯಲ್ಲಿಯೂ ಪಾಪಮಾಡುವುದಕ್ಕೆ ಇರುವ ಕ್ರಿಯಾಪದ ಗುರಿ ತಪ್ಪುವುದಕ್ಕೂ ಸಲ್ಲುತ್ತದೆ. ನ್ಯಾಯಸ್ಥಾಪಕರ ಗ್ರಂಥದ 20ನೆಯ ಅಧ್ಯಾಯದಲ್ಲಿ, ಕವಣೆಯಿಂದ ಕೂದಲೆಳೆಗೂ ಗುರಿ ತಪ್ಪದೆ ಹೊಡೆಯಬಲ್ಲ 700 ಮಂದಿ ಎಡಗೈ ಯೋಧರ ಪ್ರಸ್ತಾಪವಿದೆ. ಅಲ್ಲಿ ಬರುವುದು ಅದೇ ಕ್ರಿಯಾಪದ. ಹೀಬ್ರೂ, ಗ್ರೀಕ್, ಕನ್ನಡ ಮೂರೂ ಭಾಷೆಗಳು ಮನುಷ್ಯನ ಪತನವನ್ನು ಹೇಳಲು ಗುರಿ ತಪ್ಪಿದವನ ಚಿತ್ರವನ್ನು ಕಂಡುಕೊಂಡಿವೆ. ಗುರಿ ತಪ್ಪಿದವನೆಂದರೆ ಗುರಿಯೆಂಬುದೊಂದನ್ನು ಹೊಂದಿದ್ದವನು.

ದೋಷವನ್ನು ಹುಡುಕುವ ಚಟವಂತೂ ಪವಿತ್ರ ಗ್ರಂಥಕ್ಕೆ ಚೆನ್ನಾಗಿ ಗೊತ್ತು. ಯೋಬನ ಗೆಳೆಯರು ಬೂದಿಯಲ್ಲಿ ಕುಳಿತವನ ಎದುರಿಗೆ ಕುಳಿತು, ನಿನ್ನಲ್ಲಿ ಯಾವುದೋ ದೋಷವಿರಲೇಬೇಕೆಂದು ಸಾಧಿಸಿದರು. ಕೊನೆಗೆ ದೇವರ ಸಿಟ್ಟಿಗೆ ಗುರಿಯಾದವರು ಆ ಗೆಳೆಯರೇ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದಾಗ ಪ್ರಭು ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದರು. ಸಿಲೊವಾಮಿನ ಗೋಪುರ ಕುಸಿದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿ ಎಂದು ಎಚ್ಚರಿಸಿ, ಮಾತನ್ನು ಕೇಳುತ್ತಿದ್ದವರ ಕಡೆಗೇ ತಿರುಗಿಸಿದರು. ಬಿದ್ದವನನ್ನು ನೋಡುತ್ತಿದ್ದ ಕಣ್ಣು ತನ್ನ ಕಡೆಗೆ ಹೊರಳಬೇಕಾಯಿತು. ಒಳ್ಳೆಯ ದುರಂತ ನಾಟಕ ಮಾಡುವ ಕೆಲಸವೂ ಇದರ ಸಮೀಪದ್ದೇ. ಅರಿಸ್ಟಾಟಲ್ ಹೇಳಿದ ಭಯ ಎಂದರೆ, ಬಿದ್ದವನು ನಮ್ಮಂಥವನೇ ಎಂಬ ತಿಳಿವಿನಿಂದ ಹುಟ್ಟುವ ಭಯ.

ಪ್ರಿಯ ಓದುಗರೇ, ನಮ್ಮ ಊರುಗಳಲ್ಲಿಯೂ ಬೀಳುವವರಿದ್ದಾರೆ. ಅಡಿಕೆಯ ಧಾರಣೆ ಕುಸಿದು ಸಾಲದಲ್ಲಿ ಮುಳುಗಿದವನು, ಮುರಿದುಹೋದ ಸಂಸಾರ, ಓದಿನಲ್ಲಿ ಸೋತು ತಲೆತಪ್ಪಿಸಿಕೊಂಡ ಹುಡುಗ, ಹೆಸರು ಕೆಟ್ಟ ಹಿರಿಯ. ಅವರ ಸುದ್ದಿ ಬಂದಾಗ ನಮ್ಮ ನಾಲಗೆ ಚೀಟಿಗಳನ್ನು ಹಿಡಿದು ಸಿದ್ಧವಾಗಿರುತ್ತದೆ: ಜಂಬ, ಸೋಮಾರಿತನ, ದುಂದು, ಕುಡಿತ. ಅವುಗಳಲ್ಲಿ ಒಂದು ನಿಜವೂ ಆಗಿರಬಹುದು. ಆದರೂ ಆ ಚೀಟಿ ಅಂಟಿಸುವ ಮುನ್ನ ನಾಟಕ ಕಲಿಸುವ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ಮನುಷ್ಯ ಗುರಿಯಿಟ್ಟಿದ್ದು ಯಾವುದಕ್ಕೆ? ತಪ್ಪಿದ ಬಾಣ ಹೋಗಿ ಬಿದ್ದದ್ದು ಯಾರ ಮೇಲೆ? ಮೊದಲನೆಯ ಪ್ರಶ್ನೆ ಬಿದ್ದವನನ್ನು ಮನುಷ್ಯನನ್ನಾಗಿ ಉಳಿಸುತ್ತದೆ. ಎರಡನೆಯದು ಅವನ ಮನೆಯ ಬಾಗಿಲಿಗೆ, ಅಲ್ಲಿ ಸದ್ದಿಲ್ಲದೆ ಕುಳಿತಿರುವ ಹೆಂಡತಿ ಮಕ್ಕಳ ಬಳಿಗೆ ನಮ್ಮನ್ನು ಕರೆದೊಯ್ಯುತ್ತದೆ. ರುದ್ರಾಂಬೆ ರಕ್ತಾಕ್ಷಿಯಾಗುವುದಕ್ಕೆ ಮುಂಚೆ ಯಾರಾದರೂ ಅಲ್ಲಿಗೆ ಹೋಗಬೇಕಲ್ಲವೆ?